ಲೆಫ್ಟಿನೆಂಟನ ಮೀಸೆ

ನೇಪಲ್ಸ್‌ನ ಸಮಸ್ತ ಗಾಯಕರ ಗಂಟಲುಗಳ ಒಡೆಯರೂ, ಮೂರು ಪರದೆ ಮತ್ತು ಒಂದು ರಟ್ಟಿನ ಚಂದ್ರನ ಸಾರ್ವಭೌಮರೂ ಆದ ನಮ್ಮ ಒಪೆರಾ ಮಂಡಳಿಯ ಯಜಮಾನ ದೊನ್ ಲಿಬೋರಿಯೊ ಅವರ ಸನ್ನಿಧಿಗೆ,

ಲೆಫ್ಟಿನೆಂಟನ ಪಾತ್ರ ಹಾಡುವ ನಾನು ಹೆಂಗಸೆಂದು ಊರಿಗೆಲ್ಲ ಗೊತ್ತು. ಗೊತ್ತಿಲ್ಲದವನು ಮೀನು ಮಾರುವ ಎರ್ಕೊಲಾನೊ ಒಬ್ಬನೇ. ನಿನ್ನೆ ಅವನ ಹೆಂಡತಿ, ನಮ್ಮ ದರ್ಜಿ ಕಾರ್ಮೊಸೀನಾ, ನನಗೆ ಮೀಸೆ ಅಂಟಿಸುತ್ತಿದ್ದಾಗ, ತನ್ನ ಮೀನುಬುಟ್ಟಿಯಲ್ಲಿ ಸಿಕ್ಕ ಯಾವುದೋ ಚೀಟಿ ಹಿಡಿದುಕೊಂಡು ನುಗ್ಗಿಬಂದ.

"ಲೋ ಲಫಂಗಾ, ನನ್ನ ಹೆಂಡ್ತಿಗೇ ಮುತ್ತು ಕೊಡ್ತೀಯೇನೋ?"

"ಅಯ್ಯೋ, ಅವಳು ಹೆಂಗಸು ಕಣ್ರೀ!" ಎಂದಳು ಕಾರ್ಮೊಸೀನಾ.

ನಾನು ಮೀಸೆ ಕಿತ್ತು ತೋರಿಸಿದೆ.

"ಮೀಸೆ ತೆಗೆದ್ರೆ ಗಂಡಸು ಹೆಂಗಸಾಗ್ಬಿಡ್ತಾನಾ?" ಎಂದು ಅವನು ಗುಡುಗಿದ.

ಅಂಥವನ ಸಮಾಧಾನಕ್ಕೆ ನೀವು ನನ್ನ ಪಾತ್ರವನ್ನೇ ಕಿತ್ತುಕೊಳ್ಳುವುದೇ? ಭಾನುವಾರದ ಆಟಕ್ಕೆ ಮುಂಚೆ ಅದನ್ನು ಹಿಂತಿರುಗಿಸತಕ್ಕದ್ದು.

ಘೋರ ಅವಮಾನಕ್ಕೀಡಾದ
ವೆನೆರಾಂಡಾ

ಮರೆತ ಮಾತು: ಅವನ ಮೀನುಬುಟ್ಟಿಯಲ್ಲಿ ಸಿಕ್ಕ "ಕಾರ್ಮೊಸೀನಾ, ಮೂರು ಗಂಟೆಗೆ ಬಾ, ನಿನ್ನ ಲೆಫ್ಟಿನೆಂಟ್" ಎಂಬ ಚೀಟಿ ಬರೆದದ್ದು ಮಾತ್ರ ನಾನೇ.