ಎಡಕ್ಕೆ ಉರುಳಿದ ಅಲೆಗಳು

ಅಲೆಕ್ಸಾಂಡ್ರಿಯಾ, ನವೆಂಬರ್ ೧೪, ಗುರುವಾರ

ನಾಳೆ ಮಾರಾಟಕ್ಕೆ ಬಿಡಬೇಕಾದ ನನ್ನ ಅಲೆ ಚಿತ್ತಾರದ ಕ್ರೋಶಾ ಶಾಲಿನ ವಿನ್ಯಾಸ ಬೇರೆಯವರ ಕೈಗೆ ದಕ್ಕುತ್ತದೋ ಇಲ್ಲವೋ ಎಂದು ಬೆಳಗಿನಿಂದ ಒಂದೇ ಕೊರೆತ. ಬರೆದದ್ದನ್ನು ಓದಿ ಹೆಣೆದು ನೋಡಲು ಒಪ್ಪಿದ್ದ ಇನ್ಶಿರಾಹ್ ಸಂಜೆ ಶಾಲು ತಂದು ಹರವಿದಳು. ಅಯ್ಯೋ ವಿಧಿಯೇ, ಬಲಕ್ಕೆ ಉರುಳಬೇಕಾದ ಅಲೆಗಳೆಲ್ಲ ಎಡಕ್ಕೆ ಉರುಳಿದ್ದವು!

"ಏನೇ ಇದು, ನನ್ನ ಸಮುದ್ರಾನೇ ತಿರುಗಿಸಿಬಿಟ್ಯಲ್ಲೇ?"

"ನಾನು ಎಡಚಿ ಅಕ್ಕಾ. ನೀನು ಬರೆದ ಹಾಗೇ ಹೆಣೆದೆ, ಒಂದು ಸಾಲೂ ಬಿಚ್ಚಲಿಲ್ಲ. ಬರೆಯೋದಾದ್ರೂ ಹೇಗೆ, 'ಎಲೈ ಕೊಕ್ಕೆಯೇ, ಈಗ ಧುಮುಕು' ಅಂತೆ. ಟ್ರಾಮಲ್ಲಿ ಒಬ್ಬಳೇ ನಕ್ಕು ಮರ್ಯಾದೆ ಹೋಯ್ತು."

ಒಂದು ಸಾಲೂ ಬಿಚ್ಚಲಿಲ್ಲವಂತೆ, ಅಂದರೆ ಬರೆದದ್ದು ದಕ್ಕಿತು! ನನ್ನ ಶಾಲನ್ನು ಅವಳದರ ಪಕ್ಕ ಹಿಡಿದೆ. ಅಲೆಗಳು ರಂಗದ ಪರದೆಯಂತೆ ಎರಡು ಕಡೆಗೆ ಸರಿದು ತೆರೆದುಕೊಂಡವು. ಎರಡನ್ನೂ ಬೆನ್ನಿನ ನಡುವೆ ಜೋಡಿಸಿ, ಇಬ್ಬರ ಹೆಸರಿನಲ್ಲೂ ಬಿಡೋಣ ಎಂದೆ, ಅವಳು ಕುಣಿದೇಬಿಟ್ಟಳು. ನನಗಿನ್ನೂ ನಿದ್ದೆ ಬರುತ್ತಿಲ್ಲ, ಅಂಚಿಗೆ ಯಾವ ನೀಲಿ ಹಾಕಿದರೆ ಚೆಂದ ಎಂದು ಒಂದೇ ಯೋಚನೆ.