ಬರೆದವಳು ನಾನೇ, ಅವ್ವ

ಕುಶಾಲನಗರ
16 ಫೆಬ್ರವರಿ 2025, ಭಾನುವಾರ

ನನ್ನ ಅವ್ವನಿಗೆ,

ನಿನ್ನ ಮಂಡಿನೋವು ಹೇಗಿದೆ? ಕಂದು ಹಸು ಕರು ಹಾಕಿತೆಂದು ಸೌಮ್ಯ ಮೆಸೇಜು ಮಾಡಿದ್ದಳು. ಗಿಣ್ಣು ಕಾಸಿದಾಗ ನನ್ನ ನೆನಪಾಯಿತೋ ಇಲ್ಲವೋ. ನಾನು ಚೆನ್ನಾಗಿದ್ದೇನೆ. ಚಳಿಗೆ ಬಂದಿದ್ದ ಕೆಮ್ಮು ಹೋಯಿತು. ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳ ಎಡಿಟಿಂಗ್ ರಾಶಿ ಬಿದ್ದಿದೆ. ಬೆಳಗಿನಿಂದ ಸಂಜೆಯವರೆಗೆ ಯಾರ್ಯಾರದೋ ಧಾರೆ ನೋಡುತ್ತಾ ಕೂತಿರುತ್ತೇನೆ.

ಸಂಕ್ರಾಂತಿಗೆ ಬರಲಿಲ್ಲ, ಕಾಗದವನ್ನೂ ಬರೆಯಲಿಲ್ಲ. ಕೋಪ ಇಳಿಯಲಿ, ಆಮೇಲೆ ಬರೆಯೋಣ ಎಂದು ಕಾದೆ. ಅದು ಇಳಿಯುವ ಹಾಗೆ ಕಾಣುತ್ತಿಲ್ಲ. ಫೋನಿನಲ್ಲಿ ಮಾತು ಇಲ್ಲಿಗೆ ಬಂದ ಕೂಡಲೇ ನೀನು ‘ಆಯ್ತು ಬುಡು, ಆಮೇಲ್ ಮಾತಾಡನ’ ಎಂದು ಸೌಮ್ಯಳ ಕೈಗೆ ಕೊಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ದಾಟಿಸಲು ಆಗುವುದಿಲ್ಲ. ಒಲೆ ಮುಂದೆ ಕೂತು ಪೂರ್ತಿ ಓದು.

‘ಗೆರೆ’ ಆಲ್ಬಮ್ ಹೊರಗೆ ಬಂದಾಗ ನಾನು ಎಷ್ಟು ಸಂತೋಷವಾಗಿದ್ದೆ ಎಂದು ನಿನಗೆ ಗೊತ್ತು. ಅಷ್ಟು ವರ್ಷ ‘ಹಾರಂಗಿ ಬಾಯ್ಸ್’ ಜೊತೆ ಹಾಡಿದೆ. ಗುಂಪಿನಲ್ಲಿದ್ದ ಒಬ್ಬಳೇ ಹುಡುಗಿ ನಾನು, ಹೆಸರು ಮಾತ್ರ ಬಾಯ್ಸ್. ರ್‍ಯಾಪ್ ಶಶಿಕುಮಾರನದು, ನಡುವೆ ಬರುವ ರಾಗದ ಎರಡು ಸಾಲು ನನ್ನದು. ಅವನು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ನಾನು ಹಾಡಬೇಕಿತ್ತು. ಗುಂಪು ಬಿಟ್ಟು, ಸ್ಟುಡಿಯೋ ಓನರ್ ಬಾಗಿಲು ಹಾಕಿಕೊಂಡು ಹೋದಮೇಲೆ ಒಬ್ಬಳೇ ಕೂತು ಆ ಎಂಟು ಹಾಡು ಮಾಡಿದೆ. ತಬಲ ಇಲ್ಲ, ಡ್ರಮ್ಸ್ ಇಲ್ಲ. ನಮ್ಮೂರ ಕಣದಲ್ಲಿ ಶುಂಠಿ ತೊಳೆಯುವ ಮಿಷಿನ್ನಿನ ಸದ್ದನ್ನು ರೆಕಾರ್ಡ್ ಮಾಡಿ ಅದನ್ನೇ ತಾಳ ಮಾಡಿಕೊಂಡೆ. ಕಿರುಚಲಿಲ್ಲ. ಮಾತಾಡುವ ದನಿಯಲ್ಲೇ ಹೇಳಿದೆ. ಮೊದಲನೆಯದನ್ನು ಕೇಳಿ ನೀನು, ‘ಇದೇನೇ, ನಲ್ಲಿ ಹತ್ರ ಜಗಳಕ್ ನಿಂತಂಗದೆ’ ಅಂದೆ. ಆಮೇಲೆ ಪೇಪರಿನಲ್ಲಿ ಬರೆದವರು ಯಾರೂ ಇಷ್ಟು ಸರಿಯಾಗಿ ಹೇಳಲಿಲ್ಲ.

ಮೊದಲ ವಾರ ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಬೆಂಗಳೂರಿನ ಯಾರೋ ಐದನೇ ಹಾಡನ್ನು ತಮ್ಮ ಪೇಜಿಗೆ ಹಾಕಿಕೊಂಡರು. ಅಲ್ಲಿಂದ ಹತ್ತಿಕೊಂಡಿತು. ಪಿರಿಯಾಪಟ್ಟಣದ ಕಡೆಯ ಶುಂಠಿ ಲಾರಿಯೊಂದರಲ್ಲಿ ಅದು ಜೋರಾಗಿ ಬರುತ್ತಿದ್ದುದನ್ನು ನಾನೇ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೇಳಿದೆ. ಲಾರಿ ತಿರುವು ದಾಟುವವರೆಗೆ ನಿಂತಿದ್ದೆ.

ಐದನೇ ಹಾಡು ಯಾವುದೆಂದು ನಿನಗೆ ಬೇರೆ ಹೇಳಬೇಕಿಲ್ಲ. ಅಪ್ಪ ಹೋದಮೇಲೆ ತಿಮ್ಮಯ್ಯ ದೊಡ್ಡಪ್ಪನ ಕಣಕ್ಕೆ ನೀನು ಕೂಲಿಗೆ ಹೋದೆ. ಅಪ್ಪನೂ ದುಡಿದು ಕಟ್ಟಿದ್ದ ಕಣ ಅದು. ಶುಂಠಿ ತಿಕ್ಕಿ ತಿಕ್ಕಿ ನಿನ್ನ ಬೆರಳಿನ ಗೆರೆ ಸವೆದು, ರೇಷನ್ ಅಂಗಡಿಯ ಮಿಷಿನ್ನು ನಿನ್ನ ಹೆಬ್ಬೆಟ್ಟನ್ನು ಒಪ್ಪಲಿಲ್ಲ. ಹಿಂದೆ ಸಾಲಿನಲ್ಲಿ ದೊಡ್ಡಪ್ಪ ನಿಂತಿದ್ದರು. ‘ಇವ್ರು ನಿಮ್ಮನೆಯವ್ರೇನಾ?’ ಎಂದು ಅಂಗಡಿಯವನು ಕೇಳಿದ. ‘ನಮ್ ಕಣಕ್ ಕೆಲ್ಸಕ್ ಬತ್ತಾಳೆ’ ಅಂದರು. ಚೀಲ ಹಿಡಿದುಕೊಂಡು ನಿನ್ನ ಪಕ್ಕದಲ್ಲಿ ನಾನಿದ್ದೆ. ಅದನ್ನೇ ಬರೆದೆ:

ಶುಂಠಿ ತಿಕ್ಕಿ ತಿಕ್ಕಿ ಅವ್ವನ್ ಬೆರಳ್ ಗೆರೆ ಸವ್ದೋಯ್ತು
ರೇಷನ್ ಅಂಗ್ಡಿ ಮಿಷಿನ್ನು ‘ನೀನ್ಯಾರು’ ಅಂತ ಕೇಳ್ತು
ಕಣದ್ ಯಜಮಾನ ಯಾರು? ನಮ್ಮಪ್ಪನ್ ಒಡಹುಟ್ಟು
ಅವನ್ಗೂ ಅವ್ಳು ಯಾರು ಅಂತ ಅವತ್ತೇ ಮರ್ತೋಯ್ತು

ಈ ನಾಲ್ಕು ಸಾಲಿನ ಕೆಳಗೇ ಶುರುವಾಯಿತು ನೋಡು. ‘ಸೂಪರ್ ಸಾಹಿತ್ಯ, ಬರೆದವರು ಯಾರು?’ ಎಂದು ಒಬ್ಬ ಕೇಳಿದ. ನಾನೇ ಅಂದೆ. ನಗುವ ಮುಖ ಹಾಕಿದ. ಇನ್ನೊಬ್ಬ, ‘ಇದು ಪಕ್ಕಾ ಶಶಿ ಸ್ಟೈಲು’ ಅಂದ. ಶಶಿ ಅಷ್ಟು ವರ್ಷ ಬರೆದದ್ದು ಬೈಕು, ಬಿಯರು, ಕೈಕೊಟ್ಟ ಹುಡುಗಿ. ಅವನಿಗೆ ಶುಂಠಿ ತೊಳೆಯುತ್ತಾರೆ ಎನ್ನುವುದೇ ಗೊತ್ತಿಲ್ಲ. ಆದರೂ ಅದು ಅವನ ಸ್ಟೈಲಂತೆ. ಪತ್ರಿಕೆಯೊಂದರಲ್ಲಿ ದೊಡ್ಡ ವಿಮರ್ಶೆ ಬಂತು. ಹೊಗಳಿಕೆ ಅಂದರೆ ಹೊಗಳಿಕೆ! ಕೊನೆಯಲ್ಲಿ, ‘ಈ ಮುಗ್ಧ ಕಂಠದ ಹಿಂದೆ ನಿಂತಿರುವ ಪ್ರಬುದ್ಧ ಲೇಖನಿ ಯಾರದೆಂದು ತಿಳಿಯುವ ಕುತೂಹಲ ನಮಗಿದೆ’ ಎಂದು ಬರೆದಿದ್ದರು. ಮುಗ್ಧ ಕಂಠವಂತೆ. ಮೈಯೆಲ್ಲ ಉರಿದುಹೋಯಿತು. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಚೆನ್ನಾಗಿದೆ, ಅದಕ್ಕೇ ನಿನ್ನದಲ್ಲ ಎನ್ನುತ್ತಿದ್ದರು. ಕೆಟ್ಟದಾಗಿ ಬರೆದಿದ್ದರೆ ಒಬ್ಬರೂ ಬೇರೆ ಹೆಸರು ಹುಡುಕುತ್ತಿರಲಿಲ್ಲ.

ಅಷ್ಟರಲ್ಲಿ ಮೈಸೂರಿನ ಯೂಟ್ಯೂಬ್ ಚಾನೆಲಿನವರು ಶಶಿಯನ್ನು ಕರೆಸಿ ಕೇಳಿದರು. ಅವನು ಕೂದಲ ಮೇಲೆ ಕೈಯಾಡಿಸಿಕೊಂಡು, ನಕ್ಕು, ‘ಅದೆಲ್ಲ ಬಿಡಿ ಗುರು, ಗೊತ್ತಿರೋರ್ಗೆ ಗೊತ್ತು’ ಅಂದ. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಆ ನಗುವನ್ನು ಕತ್ತರಿಸಿ, ಹಿಂದೆ ನನ್ನ ಹಾಡು ಹಾಕಿ, ಊರೆಲ್ಲ ಹಂಚಿದರು.

ಜನವರಿಯಲ್ಲಿ ವಿರಾಜಪೇಟೆಯ ಕಾಲೇಜಿನವರು ಕಾರ್ಯಕ್ರಮಕ್ಕೆ ಕರೆದರು. ಹೋದೆ. ಎರಡು ಹಾಡು ಮುಗಿಸಿ ನೀರು ಕುಡಿಯುತ್ತಿದ್ದೆ, ನಿರೂಪಕ ಮೈಕು ತೆಗೆದುಕೊಂಡ. ‘ಮೇಡಂ, ಎಲ್ರ ಮನಸ್ಸಲ್ಲೂ ಒಂದು ಡೌಟಿದೆ. ಕ್ಲಿಯರ್ ಮಾಡೋಣ್ವಾ? ಇವ್ರೊಂದು ವಿಷ್ಯ ಕೊಡ್ತಾರೆ, ನೀವು ಇಲ್ಲೇ ಕಟ್ಟಿ ಹೇಳ್ಬೇಕು’ ಅಂದ. ಸಭೆಯಲ್ಲಿ ಶಿಳ್ಳೆ. ನನಗಿಂತ ಮೊದಲು ಮೂರು ಹುಡುಗರು ಹಾಡಿ ಇಳಿದಿದ್ದರು. ಅವರಲ್ಲಿ ಒಬ್ಬನನ್ನೂ ಯಾರೂ ಪರೀಕ್ಷೆಗೆ ಕೂರಿಸಿರಲಿಲ್ಲ. ಮೈಕು ಅಲ್ಲೇ ಇಟ್ಟು ಇಳಿದು ಬಂದುಬಿಡಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಹಟ ಬಂತು. ‘ಕೊಡಿ’ ಅಂದೆ. ‘ಕರಿಮೆಣಸು!’ ಎಂದು ಯಾರೋ ಕೂಗಿದರು.

ಕಟ್ಟಿದೆ, ಅವ್ವ. ಮರ ಹತ್ತಿ ಮೆಣಸು ಕೀಳುವವನ ಏಣಿಯಿಂದ ಹಿಡಿದು ವಿರಾಜಪೇಟೆಯ ಮಂಡಿಯವರೆಗೆ ತಂದೆ, ಕೊನೆಗೆ ನಿರೂಪಕನ ಕಣ್ಣಿಗೇ ಎರಚಿದೆ. ಸಭೆ ಎದ್ದು ನಿಂತಿತು. ಮುಗಿಯಿತು, ಇನ್ನು ಯಾರೂ ಕೇಳುವುದಿಲ್ಲ ಅಂದುಕೊಂಡು ಕೆಳಗಿಳಿದೆ. ಅವನು ಶಾಲು ಹೊದಿಸುತ್ತಾ ಕಿವಿಯ ಹತ್ತಿರ, ‘ಕೂರ್ಗಲ್ಲಿ ಪ್ರೋಗ್ರಾಮ್ ಅಂದ್ರೆ ಪೆಪ್ಪರ್ ಕೊಟ್ಟೇ ಕೊಡ್ತಾರೆ ಅಂತ ಗೊತ್ತಿತ್ತಲ್ವಾ? ಒಳ್ಳೆ ಪ್ರಿಪೇರ್ ಆಗಿ ಬಂದಿದ್ರಿ’ ಅಂದ. ಶಾಲು ತೆಗೆದು ಅವನ ಹೆಗಲಿಗೇ ಹಾಕಿ ಬಂದೆ. ಅದನ್ನೂ ಯಾರೋ ವಿಡಿಯೋ ಮಾಡಿ, ‘ನಾಲ್ಕು ಜನ ಕೇಳೋಷ್ಟ್ರಲ್ಲಿ ಇಷ್ಟು ಕೊಬ್ಬು’ ಎಂದು ಬರೆದರು.

ಬಸ್‌ಸ್ಟ್ಯಾಂಡಿನಲ್ಲಿ ಆ ಕಾಲೇಜಿನ ಹುಡುಗಿಯೊಬ್ಬಳು ಓಡಿಬಂದಳು. ಶರ್ಮಿಳಾ ಎಂದು ಹೆಸರು, ಮಾಕುಟ್ಟದ ಕಡೆಯವಳು. ಮನೆಯಲ್ಲಿ ಮಲಯಾಳ, ನನ್ನ ಹಾಡು ಮಾತ್ರ ಪೂರ್ತಿ ಬಾಯಿಪಾಠ. ‘ಅಕ್ಕಾ, ಬೇಜಾರು ಮಾಡ್ಬೇಡಿ. ಮೂರನೇ ಹಾಡು ನೀವು ಸುಮ್ನೆ ಎಳ್ದಿದ್ದೀರಿ. ಲಾಸ್ಟ್ ಪ್ಯಾರಾ ಬೇಕಿರ್ಲಿಲ್ಲ. ಯಾಕೆ ಬರ್ದ್ರಿ ಅದನ್ನ?’ ಅಂದಳು. ಯಾಕೆ ಬರೆದಿರಿ ಎಂದು ಕೇಳಿದಳು, ಅವ್ವ! ಯಾರು ಬರೆದರು ಎಂದು ಕೇಳಲಿಲ್ಲ. ನನಗೆ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಬಸ್ಸು ಹೋದರೆ ಹೋಗಲಿ ಎಂದು ಟೀ ಕುಡಿಯುತ್ತಾ ಜಗಳವಾಡಿದೆವು. ಕೊನೆಯ ಪ್ಯಾರಾ ಬೇಕಿರಲಿಲ್ಲ, ಅವಳು ಹೇಳಿದ್ದು ನಿಜ. ಇಷ್ಟು ತಿಂಗಳಲ್ಲಿ ನನ್ನ ಹಾಡನ್ನು ನನ್ನದೆಂದು ತಿಳಿದು ಕೇಳಿದವಳು ಅವಳೊಬ್ಬಳೇ.

ಅದಾದ ಮುಂದಿನ ವಾರ ದೊಡ್ಡಪ್ಪ ಸ್ಟುಡಿಯೋಗೆ ಬಂದರು. ಬಾಗಿಲಲ್ಲಿ ಅವರನ್ನು ಕಂಡಾಗ, ಬೈಯುತ್ತಾರೆ, ಹೊಡೆದರೂ ಹೊಡೆಯಬಹುದು ಅಂದುಕೊಂಡೆ. ಎದುರು ನಿಲ್ಲಲು ಸಿದ್ಧಳಾಗಿದ್ದೆ ಕೂಡ. ಅವರು ಕಿತ್ತಳೆ ಹಣ್ಣಿನ ಕವರನ್ನು ಮೇಜಿನ ಮೇಲಿಟ್ಟು ಕೂತರು.

‘ನಂಗೆಲ್ಲ ಗೊತ್ತಾಯ್ತು ಬುಡವ್ವ. ಆ ಹೈದ ಬರ್ದವ್ನೆ, ನಿನ್ ಕೈಲಿ ಹಾಡ್ಸವ್ನೆ. ನೀನ್ ದಡ್ಡಿ, ನಿಂಗೇನ್ ತಿಳೀತದೆ? ನಾನೇನ್ ಮನಸಲ್ ಇಟ್ಕಂಡಿಲ್ಲ. ತಂಗಿ ಸೌಮ್ಯನ್ ಮದ್ವೆಗ್ ಬಾ, ಮುಂದ್ ನಿಂತ್ಕಂಡು ಕೆಲ್ಸ ಮಾಡು’ ಅಂದರು.

‘ದೊಡ್ಡಪ್ಪ, ಅದು ನಾನೇ ಬರ್ದಿದ್ದು. ಆ ರೇಷನ್ ಅಂಗ್ಡಿ ಸಾಲಲ್ಲಿ ನಾನೂ ಇದ್ದೆ. ನೀವ್ ಹೇಳಿದ್ನ ಈ ಕಿವೀಲೇ ಕೇಳಿದ್ದೆ’ ಅಂದೆ.

ನಕ್ಕರು. ‘ಆಯ್ತು ಬುಡು, ಆಯ್ತು ಬುಡು’ ಎಂದು ತಲೆ ಸವರಿದರು. ನನ್ನನ್ನು ಕ್ಷಮಿಸಿಬಿಟ್ಟರು, ಅವ್ವ! ತಪ್ಪು ಮಾಡಿದವರು ಅವರು, ಹೇಳಿದವಳು ನಾನು, ಕ್ಷಮೆಯೂ ಅವರ ಕಡೆಯಿಂದಲೇ. ನಿನ್ನ ಬೆರಳಿನ ಮಾತು ಅವರ ಮೈಗೆ ತಾಗಲೇ ಇಲ್ಲ. ಯಾವನೋ ಹುಡುಗನ ತಮಾಷೆ ಎಂದು ಕೊಡವಿಕೊಂಡು ಎದ್ದರು. ಅವರು ಹೋದಮೇಲೆ ಕಿತ್ತಳೆಯನ್ನು ಕವರ್ ಸಮೇತ ಹೊರಗೆಸೆದೆ. ಓನರ್ ಎತ್ತಿಕೊಂಡು ತಿಂದರು.

ಆ ಸಂಜೆಯೇ ಶಶಿಯ ಅಪ್ಪನ ಟೈರ್ ಅಂಗಡಿಗೆ ಹೋದೆ. ಪಂಕ್ಚರ್ ಹಾಕಿಸಲು ಬಂದವರ ಎದುರಿಗೇ ಕೇಳಿದೆ: ‘ಶಶಿ, ಐದನೇ ಹಾಡು ನೀನು ಬರ್ದಿದ್ಯಾ? ಹಂಗಾದ್ರೆ ಹೇಳು, ಎರಡ್ನೇ ಸಾಲು ಏನು?’ ಅವನಿಗೆ ಬರಲಿಲ್ಲ. ‘ನಾನೆಲ್ಲೂ ಬರ್ದೆ ಅಂತ ಹೇಳಿಲ್ವಲ್ಲ ಮಾನಸ’ ಅಂದ. ‘ಬರ್ದಿಲ್ಲ ಅಂತಾನೂ ಹೇಳಿಲ್ಲ. ಇವತ್ತು ಹೇಳು’ ಅಂದೆ. ಅವನಪ್ಪ ಜಾಕಿ ಕೆಳಗಿಟ್ಟು ನಮ್ಮನ್ನೇ ನೋಡುತ್ತಿದ್ದರು. ಅಲ್ಲೇ ಟೈರುಗಳ ಮುಂದೆ ನಿಲ್ಲಿಸಿ ವಿಡಿಯೋ ಮಾಡಿಸಿದೆ. ‘ಗೆರೆ ಆಲ್ಬಮ್ಮಿನ ಒಂದಕ್ಷರವೂ ನನ್ನದಲ್ಲ. ಎಲ್ಲ ಮಾನಸ ಬರ್ದಿರೋದು’ ಅಂದ. ತಲೆ ಎತ್ತಿ ಹೇಳು ಎಂದು ಎರಡನೇ ಸಲ ಹೇಳಿಸಿದೆ.

ಅದನ್ನು ಹಾಕಿ ಮೂರು ವಾರವಾಯಿತು. ಜನ ಏನೆಂದರು ಗೊತ್ತಾ? ‘ಪಾಪ ಶಶಿ, ಎಷ್ಟು ದೊಡ್ಡ ಮನಸ್ಸು, ಹೆಸರನ್ನೂ ಬಿಟ್ಟುಕೊಟ್ಟ.’ ಅವನ ಹಳೆಯ ಹಾಡುಗಳಿಗೆ ಈಗ ಕೇಳುವವರು ಜಾಸ್ತಿಯಾಗಿದ್ದಾರಂತೆ. ನನಗೆ ಇನ್ನು ಅವರಿಗೆ ಉತ್ತರ ಕೊಡುವ ಮನಸ್ಸಿಲ್ಲ. ಕಮೆಂಟು ಓದುವುದನ್ನು ಬಿಟ್ಟಿದ್ದೇನೆ. ಹೊಸ ಹಾಡು ಶುರು ಮಾಡಿದ್ದೇನೆ. ಅದನ್ನು ಮೊದಲು ಶರ್ಮಿಳಾಗೆ ಕಳಿಸುತ್ತೇನೆ, ಅವಳು ಬೈಯಲಿ.

ಇನ್ನು ಮದುವೆಯ ಮಾತು. ಸೌಮ್ಯಳ ಮದುವೆಗೆ ನಾನು ಬಂದೇ ಬರುತ್ತೇನೆ. ವಿಡಿಯೋವನ್ನೂ ನಾನೇ ಮಾಡುತ್ತೇನೆ, ಹೊರಗಿನವರನ್ನು ಕರೆಯಬೇಡಿ. ಆದರೆ ದೊಡ್ಡಪ್ಪ ಕ್ಷಮಿಸಿದ ದಡ್ಡಿಯಾಗಿ ಬರುವುದಿಲ್ಲ. ಚಪ್ಪರದಲ್ಲಿ ಯಾರು ಕೇಳಿದರೂ ನಾನೇ ಬರೆದದ್ದು ಅನ್ನುತ್ತೇನೆ, ಬೀಗರು ಕೇಳಿದರೂ ಸರಿ. ಅದು ಆಗುವುದಿಲ್ಲ ಎನ್ನುವುದಾದರೆ ಈಗಲೇ ತಿಳಿಸು. ಮದುವೆಯ ಹಿಂದಿನ ದಿನ ಸೌಮ್ಯಳ ಕೈಲಿ ಫೋನು ಮಾಡಿಸಿ ಹೇಳಿಸಬೇಡ.

ತಂಗಿ ನೂರು ಕಾಲ ನಗುತ್ತಾ ಬಾಳಲಿ. ಅವಳ ಬೆರಳಿನ ಗೆರೆಗಳು ಯಾರ ಕಣದಲ್ಲೂ ಸವೆಯದಿರಲಿ. ನೀನು ಮಂಡಿಗೆ ಎಣ್ಣೆ ಹಚ್ಚುವುದನ್ನು ತಪ್ಪಿಸಬೇಡ. ಕರುವಿಗೆ ಹೆಸರಿಡಲು ನನ್ನನ್ನು ಕೇಳಿ.

ನಿನ್ನ ಮಗಳು,
ಮಾನಸ

ಮರುಬರಹ: ಕಾಗದ ಮಡಿಸಿ ಕವರಿಗೆ ಹಾಕಿದ್ದೆ, ಮತ್ತೆ ತೆಗೆದೆ. ಟೈರ್ ಅಂಗಡಿಯಲ್ಲಿ ವಿಡಿಯೋ ಮುಗಿದಮೇಲೆ ಶಶಿ ನನ್ನನ್ನು ಪಕ್ಕಕ್ಕೆ ಕರೆದು ಫೋನು ನನ್ನ ಕಿವಿಗೆ ಹಿಡಿದ. ‘ನಾನಾಗ್ ನಾನೇ ಸುಮ್ನಿರ್ಲಿಲ್ಲ, ಇದ್ನ ಕೇಳು’ ಅಂದ. ನಿನ್ನ ದನಿ. ಡಿಸೆಂಬರಿನಲ್ಲಿ ನೀನು ಅವನಿಗೆ ಕಳಿಸಿದ್ದ ವಾಯ್ಸ್ ಮೆಸೇಜು. ‘ಶಶಿ, ನಿನ್ ಕಾಲ್ ಹಿಡ್ಕತೀನಿ ಕಣಪ್ಪ, ನೀನೇ ಬರ್ದೆ ಅಂತ ಅನ್ಕಳ್ಳಿ ಬುಡು ಜನ. ಗಂಡುಡ್ಗ ಬರ್ದ್ರೆ ಹಾಡು ಅಂತಾರೆ, ಮಗ್ಳು ಬರ್ದ್ರೆ ಮನೆ ವಿಷ್ಯ ಆಯ್ತದೆ. ಅವ್ರ ದೊಡ್ಡಪ್ಪಂಗೂ ನಾನ್ ಹಂಗೇ ಹೇಳಿವ್ನಿ. ಅವ್ಳಿಗ್ ಅಷ್ಟೆಲ್ಲ ಬರೆಯಕ್ ಎಲ್ಲಿ ಬತ್ತದೆ?’

ದೊಡ್ಡಪ್ಪ ಮುನಿಸಿಕೊಂಡು ಕೈಬಿಟ್ಟರೆ ಸೌಮ್ಯಳ ಮದುವೆ ನಿಂತುಹೋಗಬಹುದು ಎಂದು ನೀನು ಹೆದರಿದೆ. ನನಗೆ ಅರ್ಥವಾಗುತ್ತದೆ. ದೊಡ್ಡಪ್ಪನ ಎದುರು ಸುಳ್ಳು ಹೇಳಿದ್ದನ್ನೂ ನುಂಗಿಕೊಳ್ಳುತ್ತೇನೆ. ಕೊನೆಯ ಆ ಒಂದು ಮಾತನ್ನು ನುಂಗಲು ಆಗುತ್ತಿಲ್ಲ. ನೀನು ಸುಳ್ಳು ಹೇಳುವಾಗ ದನಿ ನಡುಗುತ್ತದೆ, ನನಗೆ ಚಿಕ್ಕಂದಿನಿಂದ ಗೊತ್ತು. ಅದರಲ್ಲಿ ಮೊದಲಿನದೆಲ್ಲ ನಡುಗುತ್ತಿತ್ತು. ಆ ಮಾತು ಬಂದಾಗ ನಡುಗಲಿಲ್ಲ.

ಅವ್ವ, ನೀನೂ ಹಾಗೇ ಅಂದುಕೊಂಡಿದ್ದೀಯಾ?