ನೆಲಕ್ಕೆ ತಾಗಿದ ಏಟು

ಏಪ್ರಿಲ್ 2, ಸಂಜೆ

ಕತ್ತಿಯ ತುದಿಯ ಸ್ಪ್ರಿಂಗ್ ಮತ್ತೆ ಕೈಕೊಟ್ಟಿದೆ. ಏಟು ತಾಗಿತೆಂದು ತೋರಿಸುವ ದೀಪ ಒತ್ತಿದರೂ ಹತ್ತುತ್ತದೆ, ಒತ್ತದಿದ್ದರೂ ಹತ್ತುತ್ತದೆ. ಬಿಚ್ಚಿ, ಒರೆಸಿ, ಕೂರಿಸಿದೆ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಮೂವತ್ಮೂರು ವರ್ಷದ ಹೆಂಗಸು! ಮನೇಲಿ ಈರುಳ್ಳಿ ಹೆಚ್ಚೋ ಚಾಕು ಮೊಂಡಾಗಿ ಬಿದ್ದಿದೆ, ಇವಳು ಇದನ್ನ ಉಜ್ತಾ ಕೂತಿದಾಳೆ."

"ಇದೂ ಮೊಂಡೇ ಅಮ್ಮ. ಆಟದ ಕತ್ತಿ."

"ಅದ್ಯಾವ ಸೀಮೆ ಕತ್ತೀನೇ ಅದು!"

ಡಾಕರ್‌ನ ಫೆನ್ಸಿಂಗ್ ಟೂರ್ನಮೆಂಟ್‌ಗೆ ಹೆಸರು ಕೊಟ್ಟಾಯಿತು. ಹವ್ಯಾಸಿಗಳಿಗೆ ಮಾತ್ರ, ಗಂಡಸರು ಹೆಂಗಸರು ಒಟ್ಟಿಗೆ. ಕ್ಲಬ್ಬಿನಲ್ಲಿ ಕತ್ತಿ ಕಲಿಸುವ ಬಿರಾಮ್ ಮೇಷ್ಟ್ರು ಏನೋ ನೆನಪಾದವರ ಹಾಗೆ ಅಂದರು, "ಅನ್ಸುನೂ ಬರ್ತಾನಂತೆ ಕಣೇ ಯಾಂದೆ. ಜಿಗಿಂಶೋರ್‌ನಿಂದ, ಹಡಗಲ್ಲಿ." ಶೂ ಲೇಸು ಕಟ್ಟುತ್ತಿದ್ದೆ. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದೆ.

ಏಪ್ರಿಲ್ 5

ನಿದ್ದೆಯಿಲ್ಲ. ಬರೆದಾದರೂ ಹಗುರಾಗಲಿ.

ನಾನು ಸೆರೇರ್, ಅವನು ಜೋಲಾ. ಎರಡು ಕುಲದ ಮೂಲದಜ್ಜಿಯರು ಅಕ್ಕತಂಗಿಯರಂತೆ. ಹಾಗಾಗಿ ಮುಖ ಕಂಡ ಕೂಡಲೇ ತಮಾಷೆಗೆ ಬೈಯಬೇಕು, ಬೈಸಿಕೊಂಡವರು ಸಿಟ್ಟಾಗುವಂತಿಲ್ಲ, ಅದೇ ಪದ್ಧತಿ. ಹಾಳಾದ ಸಲಿಗೆ! ಅವನು ನಮ್ಮೂರು ಎಂಬೂರ್‌ನ ಶಾಲೆಯಲ್ಲಿ ಮೇಷ್ಟ್ರಾಗಿದ್ದ ನಾಲ್ಕು ವರ್ಷವೂ ದಿನಾ ಸಂಜೆ ನನ್ನ ಜೊತೆಯೇ ಕತ್ತಿ ಹಿಡಿದ, ನನ್ನನ್ನೇ ಬೈದ. ನಮ್ಮವರ ಊಟ ಸಜ್ಜೆ, ಅವರದು ಅನ್ನ; ಅದಕ್ಕೇ ನಾನು ಅವನಿಗೆ ಸಜ್ಜೆರೊಟ್ಟಿ. ಅವನು ನನಗೆ ಆಳು, ಅನ್ನ ಕಂಡರೆ ತಪ್ಪಲೆಯೊಳಗೆ ಬೀಳುವ ಹೊಟ್ಟೆಬಾಕ.

ಅವನಿಗೆ ಅವನೂರು ಜಿಗಿಂಶೋರ್‌ಗೇ ವರ್ಗವಾಯಿತು. ಬಸ್ ಸ್ಟ್ಯಾಂಡಿನಲ್ಲಿ, ಚೀಲ ಟಾಪಿಗೆ ಏರಿಸಿದ ಮೇಲೆ, ಧೈರ್ಯ ಮಾಡಿ ಹೇಳಿಬಿಟ್ಟೆ. "ಅನ್ಸು, ಹೋಗಬೇಡ. ನೀನಿಲ್ಲದೆ ನನಗೆ ಆಗಲ್ಲ."

ಹೊಟ್ಟೆ ಹಿಡಿದುಕೊಂಡು ನಕ್ಕ. "ನೋಡ್ರಪ್ಪೋ! ಚಾಕರಿಗೆ ಆಳಿಲ್ಲ ಅಂತ ಸಜ್ಜೆರೊಟ್ಟಿ ಅಳ್ತಾ ಇದೆ!" ಡ್ರೈವರ್ ನಕ್ಕ. ಕಡಲೆಕಾಯಿ ಮಾರುವವಳು ನಕ್ಕಳು. ನಾನೂ ನಕ್ಕೆ… ಇನ್ನೇನು ಮಾಡಲಿ?

ಎರಡು ವರ್ಷವಾಯಿತು. ಶುಕ್ರವಾರ ಬಂದರೆ ಫೋನಿಗೆ ಒಂದು ಬೈಗುಳ ಕಳಿಸುತ್ತಾನೆ. "ಬದುಕಿದೀಯಾ ಸಜ್ಜೆರೊಟ್ಟಿ?" ಅಷ್ಟೇ. ಅದರಲ್ಲೇ ವಾರ ತಳ್ಳುತ್ತೇನೆ.

ಈ ಸಲ ಮತ್ತೆ ಹೇಳುತ್ತೇನೆ. ಟೂರ್ನಮೆಂಟಿನ ಕಪ್ ಯಾರ ಮನೆಗಾದರೂ ಹೋಗಲಿ. ಅವನು ನಗಬಾರದು, ನಂಬಬೇಕು. ಅಷ್ಟೇ ಬೇಕಾಗಿರುವುದು.

ಏಪ್ರಿಲ್ 17

ಎರಡು ಶುಕ್ರವಾರದಿಂದ ಬೈಗುಳ ಬಂದಿಲ್ಲ. ಪರೀಕ್ಷೆಯ ಕೆಲಸ ಇರಬೇಕು.

ತೊಡೆ ಎರಡೂ ಕಲ್ಲಾಗಿವೆ. ಮೇಷ್ಟ್ರು ಬಿಡುವುದಿಲ್ಲ. "ನೀನು ಕುಳ್ಳಿ. ಅವನ ತೋಳು ದೋಣಿ ಹುಟ್ಟಿನಷ್ಟುದ್ದ. ಎದೆ ಹುಡುಕ್ಕೊಂಡು ಹೋದ್ರೆ ಸತ್ತೆ. ಪಾದಕ್ಕೆ ಹೊಡಿ."

"ತಪ್ಪಿ ನೆಲಕ್ಕೆ ಬಿದ್ರೆ?"

"ನಮಗೆ ಕೊಡೋದು ಬರೀ ಸಿಮೆಂಟ್ ನೆಲ. ತಾಗಿದ್ರೆ ದೀಪ ಹತ್ತದ ತಗಡಿನ ಹಾಸು ಫೈನಲ್‌ಗೆ ಮಾತ್ರ. ಸಿಮೆಂಟಿಗೆ ತುದಿ ಒತ್ತಿದ್ರೂ ದೀಪ ಹತ್ತುತ್ತೆ. ಆಗ ನೀನೇ ಕೈ ಎತ್ತಿ ಹೇಳ್ಬೇಕು."

"ಗೊತ್ತು ಮೇಷ್ಟ್ರೇ."

"ಗೊತ್ತಿರೋದು ಬೇರೆ. ಹದಿನೈದರ ಆಟ ಹದಿನಾಲ್ಕು-ಹದಿನಾಲ್ಕು ಆಗಿದ್ದಾಗ ಹೇಳೋದು ಬೇರೆ."

ನಾನು ಕೆಲಸ ಮಾಡುವ ಔಷಧಿ ಅಂಗಡಿಯ ಗಾಜಿನ ಮುಂದೆ ನಿಂತು ಅಭ್ಯಾಸ ಮಾಡಿದೆ. 'ಅನ್ಸು, ಇದು ತಮಾಷೆ ಅಲ್ಲ.' ಥೂ. ತಮಾಷೆ ಶುರುವಾಗುವುದೇ ಹೀಗೆ. ಕೆಮ್ಮಿನ ಔಷಧಿಗೆ ಬಂದಿದ್ದ ಮುದುಕ, "ಏನಂದೆ ಮಗಳೇ?" ಎಂದ. ಬಾಟಲಿ ಕೊಟ್ಟು ಕಳಿಸಿದೆ.

ಏಪ್ರಿಲ್ 25, ಡಾಕರ್, ಬೆಳಿಗ್ಗೆ

ಹಾಲ್ ತುಂಬ ಬೆವರು, ಕಾಫಿ ವಾಸನೆ. ಅವನು ಬಂದ. ಕೂದಲು ಸಣ್ಣಗೆ ಕತ್ತರಿಸಿದ್ದಾನೆ. ನಗು ಮಾತ್ರ ಅದೇ.

"ಬಂತಪ್ಪಾ ಸಜ್ಜೆರೊಟ್ಟಿ! ಅನ್ನ ಅಂತ ಒಂದು ಪದಾರ್ಥ ಇದೆ ಅಂತ ನಿಮ್ಮೂರಿಗೆ ಸುದ್ದಿ ಮುಟ್ತಾ?"

"ಯಜಮಾನಿ ಬಂದಿದೀನಿ, ಮೊದಲು ಚೀಲ ಹೊರೋ."

ಹೊತ್ತ! ಹಾಲ್‌ನ ಆ ತುದಿಯವರೆಗೂ ಬಯ್ಯುತ್ತಲೇ ಹೊತ್ತ. ನನ್ನ ಎದೆ ಹೊಡೆದುಕೊಂಡದ್ದು ಈ ಚೀಲಕ್ಕೇ ಕೇಳಿಸಿರಬೇಕು. ಇಬ್ಬರೂ ಗೆಲ್ಲುತ್ತಾ ಹೋದರೆ ಸೆಮಿಫೈನಲ್‌ನಲ್ಲಿ ಎದುರಾಗುತ್ತೇವೆ. ದೇವರೇ, ಅಲ್ಲಿಯವರೆಗೆ ಕಾಲು ಕೈಕೊಡದಿರಲಿ.

ಅದೇ ದಿನ, ಸಂಜೆ, ವಾಪಸ್ ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿವೆ. ಕುಣಿಯಲಿ.

ಎದುರಾದೆವು. ಕತ್ತಿ ಎತ್ತಿ ವಂದಿಸಿ ಮಾಸ್ಕ್ ಹಾಕಿಕೊಂಡೆವು. ಆಮೇಲೆ ಬೈಗುಳ ಇಲ್ಲ, ಮಾತಿಲ್ಲ, ಜಾಲರಿಯ ಹಿಂದೆ ಅವನ ಉಸಿರು ಮಾತ್ರ. ಅಬ್ಬಾ, ಎಷ್ಟು ಬೇಕಾಗಿತ್ತು ನನಗೆ ಅದು! ಅವನು ಎಲ್ಲಿಗೆ ಬರುತ್ತಾನೆ ಅಂತ ನನಗೆ ಗೊತ್ತು. ನಾನು ಎಲ್ಲಿಗೆ ಹೋಗುತ್ತೇನೆ ಅಂತ ಅವನಿಗೆ ಗೊತ್ತು. ಅವನು ತೋಳಿಗೆ ಹೊಡೆದ, ನಾನು ಮಂಡಿಗೆ ಹೊಡೆದೆ. ಹದಿನೈದು ಮುಟ್ಟಿದವರು ಗೆದ್ದ ಹಾಗೆ. ಹದಿನಾಲ್ಕು-ಹದಿನಾಲ್ಕಕ್ಕೆ ಬಂದು ನಿಂತೆವು.

ಅವನು ಮುಂಗಾಲು ಚಾಚಿದ. ಬಗ್ಗಿ ಪಾದಕ್ಕೆ ಚುಚ್ಚಿದೆ. ನನ್ನ ದೀಪ ಹತ್ತಿತು. ರೆಫರಿ ನನ್ನ ಕಡೆ ಕೈ ತೋರಿಸಿದರು. ಎಂಬೂರ್‌ನವರೆಲ್ಲ ಕೂಗಿದರು.

ಪಾದ ಅಲ್ಲ. ಪಕ್ಕದ ಸಿಮೆಂಟು. ಮಣಿಕಟ್ಟಿಗೆ ಗೊತ್ತಾಗುತ್ತದೆ.

ಕೈ ಎತ್ತಿದೆ. "ನೆಲ."

ರೆಫರಿ ಏಟು ರದ್ದು ಮಾಡಿದರು. ಅವನು ಮಾಸ್ಕ್ ಒಳಗಿಂದಲೇ ಕೂಗಿದ, "ಬರೆದಿಟ್ಕೊಳ್ರಪ್ಪೋ! ಸೆರೇರ್ ಹೆಂಗಸು ನಿಜ ಹೇಳಿದ್ಲು!" ಹಾಲೆಲ್ಲ ಘೊಳ್ಳೆಂದಿತು. ಮುಂದಿನ ಏಟು ನನ್ನ ಭುಜಕ್ಕೆ. ಮುಗಿಯಿತು.

ಮಾಸ್ಕ್ ತೆಗೆದು ಬರಿಗೈ ಕುಲುಕಬೇಕು. ಕುಲುಕಿದೆವು. ನಾನು ಕೈ ಬಿಡಲಿಲ್ಲ.

"ಅನ್ಸು, ಬಸ್ ಸ್ಟ್ಯಾಂಡಲ್ಲಿ ಹೇಳಿದ್ದು ನಿಜ. ಈಗಲೂ ನಿಜ."

ನಗುವುದಕ್ಕೆ ಬಾಯಿ ತೆರೆದ. ನನ್ನ ಮುಖ ನೋಡಿದ. ಮುಚ್ಚಿಕೊಂಡ.

ಹೊರಗೆ, ಕಾಫಿ ಗಾಡಿಯ ಹತ್ತಿರ ಅಂದ, "ಹೋದ ತಿಂಗಳ ಕೊನೇಲಿ ನಮ್ಮ ಚಿಕ್ಕಪ್ಪಂದಿರು ಹೆಣ್ಣು ಕೇಳೋಕೆ ಕೋಲಾ ಕಾಯಿ ತಗೊಂಡು ಹುಡುಗಿ ಮನೆಗೆ ಹೋಗಿ ಬಂದ್ರು. ಮಾತು ಆಗೋಗಿದೆ. ನನ್ನ ಶಾಲೇಲೇ ಟೀಚರ್. ಒಳ್ಳೆಯವಳು."

"ಓ."

"ಒಂದ್ಸಲ ಹೇಳ್ಬಾರ್ದಿತ್ತಾ ಯಾಂದೆ…"

"ಹೇಳಿದ್ನಲ್ಲೋ. ನೀನು ನಕ್ಕೆ."

"ಹ್ಞೂಂ," ಎಂದ. "ನಕ್ಕೆ." ಕಾಫಿ ಲೋಟ ಹಾಗೇ ಹಿಡಿದುಕೊಂಡಿದ್ದ, ಕುಡಿಯಲಿಲ್ಲ.

ಬಸ್ಸಿಗೆ ಕೂಗಿದರು. ಅವನೇ ನನ್ನ ಚೀಲ ತಂದು ಮೆಲ್ಲಗೆ ಸೀಟಿನ ಮೇಲಿಟ್ಟ. ಒಂದು ಬೈಗುಳವೂ ಇಲ್ಲ. "ಹುಷಾರಾಗಿ ಹೋಗಿ ಬನ್ನಿ," ಎಂದ.

ಬನ್ನಿ!

ಫೈನಲ್‌ನಲ್ಲಿ ಅವನೂ ಸೋತನಂತೆ. ಮೇಷ್ಟ್ರು ಮುಂದಿನ ಸೀಟಿನಿಂದ ತಿರುಗಿ, "ಹದಿನಾಲ್ಕರಲ್ಲಿ ಹೇಳ್ದೆ ಕಣೇ," ಎಂದರು. ಅಳು ಬಂತು. ಸೋತದ್ದಕ್ಕೆ ಅಂದುಕೊಂಡು ಕಿತ್ತಳೆ ಹಣ್ಣು ಸುಲಿದು ಕೊಟ್ಟರು.

ಏಪ್ರಿಲ್ 26

ಭುಜ ನೀಲಿಯಾಗಿದೆ. ಮುಲಾಮು ಹಚ್ಚಿಲ್ಲ. ಇರಲಿ, ಇನ್ನೆರಡು ದಿನ.

ಮೇ 1, ಶುಕ್ರವಾರ

ಬೈಗುಳ ಬರಲಿಲ್ಲ.

ಮೇ 8, ಶುಕ್ರವಾರ, ಮಧ್ಯಾಹ್ನ

ಅಂಗಡಿಯಲ್ಲಿ ಯಾರೂ ಇಲ್ಲ. ಕಡಲ ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತಿದೆ. ಫೋನ್ ಸದ್ದಾಯಿತು. ಅವನೇ.

"ನಮಸ್ಕಾರ ಯಾಂದೆ ಅವರೇ. ಆರೋಗ್ಯವಾಗಿದ್ದೀರಾ? ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ."

ಎಷ್ಟು ಸಲ ಓದಿದರೂ ಅದೇ. ಯಾಂದೆ ಅವರೇ. ನಂಬಿಬಿಟ್ಟಿದ್ದಾನೆ, ಪೂರ್ತಿ ನಂಬಿಬಿಟ್ಟಿದ್ದಾನೆ. ನಿನಗೆ ಬೇಕಾಗಿದ್ದು ಇದೇ ತಾನೇ ಯಾಂದೆ? ತಗೋ. ಎಲ್ಲೋ ದೂರದಲ್ಲಿ ಕೂತು ನನ್ನನ್ನು ಬಯ್ಯುತ್ತಿದ್ದವನೂ ಹೋದ. ಆ ಒಂದು ಬೈಗುಳವಿಲ್ಲದ ವಾರ ಎಷ್ಟು ಉದ್ದ!

'ಚೆನ್ನಾಗಿದ್ದೇನೆ, ತಾವು?' ಅಂತ ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಬರೆದೆ:

"ಲೋ ಆಳೇ. ಯಜಮಾನಿಯನ್ನ ಮದುವೆಗೆ ಕರೆಯೋ ಬುದ್ಧಿ ಇಲ್ವಾ ನಿನಗೆ? ಇದ್ದಬದ್ದ ಅನ್ನ ಎಲ್ಲಾ ನೀನೇ ಮುಕ್ಕಬೇಡ, ನನಗೊಂದು ತಪ್ಪಲೆ ಎತ್ತಿಡು."

ಕಳಿಸಿದೆ.

ನೋಡಿದ್ದಾನೆ. ಟೈಪಿಂಗ್ ಅಂತ ಬಂತು. ನಿಂತಿತು.

ಮತ್ತೆ ಬಂತು.

ಬೈಯೋ ಅನ್ಸು. ಒಂದೇ ಒಂದು ಸಲ—